ವೆಬ್‌ಸೈಟ್‌ನಲ್ಲಿ ಕಾಣುವ ಫಾಂಟ್ ಯಾವುದು? ಬ್ರೌಸರ್‌ನಲ್ಲೇ ಪತ್ತೆ ಮಾಡಿ

ಒಂದೇ ಮಲಯಾಳಂ ಸುದ್ದಿಯನ್ನು ಕೊಚ್ಚಿಯಲ್ಲಿ ಒಬ್ಬರು ಮೊಬೈಲ್‌ನಲ್ಲಿ, ತಿರುವನಂತಪುರದಲ್ಲಿ ಇನ್ನೊಬ್ಬರು ವಿಂಡೋಸ್ ಕಂಪ್ಯೂಟರ್‌ನಲ್ಲಿ ಓದುತ್ತಾರೆ ಎಂದುಕೊಳ್ಳಿ. ಇಬ್ಬರಿಗೂ ಅಕ್ಷರಗಳು ಒಂದೇ ಥರ ಕಾಣಬೇಕೆಂದಿಲ್ಲ. ಮಲಯಾಳಂನಲ್ಲಿ ಈ ವ್ಯತ್ಯಾಸ ಬರೀ ಅಂದಚೆಂದದ್ದಲ್ಲ. ಟೈಪ್‌ರೈಟರ್ ಮತ್ತು ಮುದ್ರಣಕ್ಕೆ ಅನುಕೂಲವಾಗಲೆಂದು ಕೇರಳ ಸರ್ಕಾರ 1971ರಲ್ಲಿ ಲಿಪಿಯನ್ನು ಸರಳಗೊಳಿಸಿತು. ಕೂಡಿಕೊಂಡಿದ್ದ ಅನೇಕ ಅಕ್ಷರಗಳು ಬಿಡಿಬಿಡಿಯಾದವು. ಇಂದು ಕಂಪ್ಯೂಟರ್‌ನಲ್ಲಿ ಹಳೆಯ ರೂಪ ಕಾಣಬೇಕೋ ಹೊಸದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಫಾಂಟ್. ರಚನಾ, ಮೀರಾ ಹಳೆಯ ಲಿಪಿಯವು. ವಿಂಡೋಸ್ ಜೊತೆ ಬರುವ ಕಾರ್ತಿಕಾ ಹೊಸ ಲಿಪಿಯದು.

ಹಾಗಾದರೆ ಕಾಣುತ್ತಿರುವ ಫಾಂಟ್ ಯಾವುದೆಂದು ತಿಳಿಯುವುದು ಹೇಗೆ? ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಆಯ್ಕೆ ಮಾಡಿ. 'ಕಂಪ್ಯೂಟೆಡ್' ಟ್ಯಾಬ್‌ನ ಕೆಳತುದಿಗೆ ಹೋದರೆ 'ರೆಂಡರ್ಡ್ ಫಾಂಟ್ಸ್' ಎಂಬ ಭಾಗವಿದೆ. ಅಲ್ಲಿರುವುದೇ ನಿಜವಾದ ಉತ್ತರ. ಫೈರ್‌ಫಾಕ್ಸ್‌ನಲ್ಲಿ ಇನ್‌ಸ್ಪೆಕ್ಟರ್‌ನೊಳಗೆ 'ಫಾಂಟ್ಸ್' ಎಂಬ ಪ್ರತ್ಯೇಕ ಟ್ಯಾಬ್ ಇದ್ದು, ಹೊಸಬರಿಗೆ ಅದೇ ಸುಲಭ.

ಹಲವರು ಎಡವುವುದು ಇಲ್ಲೇ. ಸಿಎಸ್‌ಎಸ್‌ನಲ್ಲಿ 'ಫಾಂಟ್-ಫ್ಯಾಮಿಲಿ' ಎದುರು ಬರೆದ ಹೆಸರು ವೆಬ್‌ಸೈಟ್‌ನವರ ಬಯಕೆ ಮಾತ್ರ. ಅಲ್ಲಿ ರೋಬೊಟೊ ಎಂದಿರಬಹುದು, ಆದರೆ ಅದರಲ್ಲಿ ಕನ್ನಡವೂ ಇಲ್ಲ, ಮಲಯಾಳಂ ಕೂಡ ಇಲ್ಲ. ಆಗ ಬ್ರೌಸರ್ ನಿಮ್ಮ ಸಾಧನದಲ್ಲಿರುವ ಇನ್ನೊಂದು ಫಾಂಟನ್ನು ಎತ್ತಿಕೊಳ್ಳುತ್ತದೆ: ವಿಂಡೋಸ್‌ನಲ್ಲಾದರೆ ಸಾಮಾನ್ಯವಾಗಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಾದರೆ ನೋಟೊ. ಕ್ರೋಮ್ ಇದನ್ನೂ ತೋರಿಸುತ್ತದೆ. 'ಲೋಕಲ್ ಫೈಲ್' ಎಂದಿದ್ದರೆ ಫಾಂಟ್ ನಿಮ್ಮ ಕಂಪ್ಯೂಟರಿನದು, 'ನೆಟ್‌ವರ್ಕ್ ರಿಸೋರ್ಸ್' ಎಂದಿದ್ದರೆ ವೆಬ್‌ಸೈಟ್ ಕಳಿಸಿದ್ದು. ಲೋಕಲ್ ಆಗಿದ್ದರೆ ಪಕ್ಕದವರ ಮೊಬೈಲ್‌ನಲ್ಲಿ ಬೇರೆಯೇ ಕಂಡೀತು.

ವಾಟ್‌ಫಾಂಟ್‌ನಂತಹ ಎಕ್ಸ್‌ಟೆನ್ಷನ್‌ಗಳಲ್ಲಿ ಅಕ್ಷರದ ಮೇಲೆ ಮೌಸ್ ಇಟ್ಟರೆ ಸಾಕು, ಹೆಸರು ಬರುತ್ತದೆ. ಆದರೂ ನಮ್ಮ ಲಿಪಿಗಳ ಮಟ್ಟಿಗೆ ಇನ್‌ಸ್ಪೆಕ್ಟರ್‌ನಲ್ಲಿ ಒಮ್ಮೆ ತಾಳೆ ನೋಡುವುದು ಒಳ್ಳೆಯದು. ಇನ್ನು ಲೋಗೊ, ಬ್ಯಾನರ್‌ಗಳಲ್ಲಿ ಅಕ್ಷರ ಚಿತ್ರವಾಗಿದ್ದರೆ ಈ ಯಾವ ಉಪಾಯವೂ ನಡೆಯದು.

ಹೆಸರು ಸಿಕ್ಕಿತೆಂದು ಬಳಸಿಬಿಡಬೇಡಿ, ಪರವಾನಗಿ ನೋಡಿ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ 2016ರಲ್ಲಿ ಹೊರತಂದ, ಸಂತೋಷ್ ತೊಟ್ಟಿಂಗಲ್ ವಿನ್ಯಾಸದ ಮಂಜರಿ ಮುಕ್ತ ಪರವಾನಗಿಯದು. ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಎಲ್ಲ ಫಾಂಟ್‌ಗಳೂ ಹಾಗಲ್ಲ.

ಹಳೆಯ ಕನ್ನಡ ಪುಟದಿಂದ ನಕಲು ಮಾಡಿದ ಸಾಲು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾದರೆ ಅದು ಯೂನಿಕೋಡ್‌ಗೆ ಮುಂಚಿನ ಫಾಂಟ್ ಇರಬಹುದು. ಹೆಸರನ್ನು ಇದೇ ರೀತಿ ಪತ್ತೆ ಮಾಡಿ ಬರೆದಿಟ್ಟುಕೊಳ್ಳಿ. ಸರಿಯಾದ ಪರಿವರ್ತಕ ಆಯ್ದುಕೊಳ್ಳಲು ಅದು ಬೇಕು.