ಕೀಲಿಮಣೆಯ ಮೇಲೆ ಕನ್ನಡ

ಬ್ರಿಟನ್ನಿನ ಕೀಲಿಮಣೆಯಲ್ಲಿ 3ರ ಅಂಕಿಯ ಮೇಲೆ ಪೌಂಡಿನ ಚಿಹ್ನೆಯುಂಟು. ಅಮೆರಿಕದ್ದರಲ್ಲಿ ಆ ಸ್ಥಾನ ಬೇರೊಂದು ಚಿಹ್ನೆಯದು. ಆದರೆ ಎರಡು ಕಡೆಯೂ ಅಕ್ಷರಗಳ ನೆಲೆ ಒಂದೇ. ಕನ್ನಡದಲ್ಲಾದರೋ ಅಕ್ಷರಗಳ ನೆಲೆಯೇ ಬೇರೆಬೇರೆಯಾಯಿತು.

1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ರೂಪಿಸಿತು. ಅದರಲ್ಲಿ ಬಹುಮಟ್ಟಿಗೆ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಹಿಂದಿಯ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’. ಭಾರತೀಯ ವರ್ಣಮಾಲೆಗಳ ಏಕತೆಯೇ ಅದಕ್ಕೆ ತಳಹದಿ. ಕೆ. ಪಿ. ರಾವ್ ಅವರದು ಬೇರೆ ದಾರಿ. ‘ಎನ್’ ಒತ್ತಿದರೆ ‘ನ’, ‘ಎಂ’ ಒತ್ತಿದರೆ ‘ಮ’. ಒತ್ತಕ್ಷರ ಮೂಡಿಸಲು ನಡುವೆ ‘ಎಫ್’. ಹೀಗೆ 26 ಕೀಲಿಗಳಲ್ಲಿ ಇಡೀ ವರ್ಣಮಾಲೆ ಅಡಗಿತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ನಾಡಿನಲ್ಲಿ ಬಳಕೆಗೆ ಬಂದದ್ದು, ರಾಜ್ಯ ಸರ್ಕಾರ ಮಾನ್ಯಮಾಡಿರುವುದು ಈ ವಿನ್ಯಾಸವೇ.

‘ಕನ್ನಡ’ ಎಂದು ಬರೆಯಲು ಎರಡರಲ್ಲೂ 5 ಕೀಲಿಗಳನ್ನೊತ್ತಿದರೆ ಸಾಕು. ಶ್ರಮ ಸಮವಾದರೂ ಆಶಯ ಬೇರೆ. ಒಂದು ಕನ್ನಡವನ್ನು ಸೋದರ ಭಾಷೆಗಳ ಪಂಕ್ತಿಯಲ್ಲಿ ಕೂರಿಸಿತು. ಇನ್ನೊಂದು ಇಂಗ್ಲಿಷಿಗೆ ಪಳಗಿದ ಬೆರಳುಗಳನ್ನು ಕನ್ನಡಕ್ಕೆ ಮರಳಿ ಕರೆತಂದಿತು. ಈ ಉಪಕಾರ ಸಣ್ಣದಲ್ಲ. ಆದರೆ ಇಂಗ್ಲಿಷ್ ಅಕ್ಷರವರಿಯದ ಕನ್ನಡಿಗನಿಗೆ ‘ಎನ್’ ಎಂಬುದು ಬರಿಯ ಗೆರೆ. ಕನ್ನಡ ಬರೆಯಲು ಮೊದಲು ಇಂಗ್ಲಿಷ್ ಅಕ್ಷರ ಕಲಿಯಬೇಕೆಂಬ ಸ್ಥಿತಿಯನ್ನು ನಾವು ಸಹಜವೆಂದು ಒಪ್ಪಿಕೊಳ್ಳಲಾಗದು. ಕೀಲಿಗಳ ಮೇಲೆ ಕನ್ನಡದ ಅಕ್ಷರಗಳೂ ಅಚ್ಚಾಗಿ ಬರಲಿ. ಆಮೇಲೆ ಯಾವ ವಿನ್ಯಾಸವಾದರೂ ನಮ್ಮದೇ.