ಬೂಸ್ಟು ತೆಗೆಯಿರಿ, ಬೂದು ಬಣ್ಣ ಬಿಡಿ: ನಮ್ಮ ಹಳೆಯ ತಲೆಬಾಗಿಲುಗಳ ಕಥೆ

ಮಳೆಗಾಲ ಮುಗಿದು ದಸರಾ, ದೀಪಾವಳಿ ಹತ್ತಿರ ಬಂದರೆ ಗದಗ ಸುತ್ತಲಿನ ಊರುಗಳಲ್ಲಿ ಮನೆಗೆ ಸುಣ್ಣ-ಬಣ್ಣದ ಕೆಲಸ ಶುರುವಾಗುತ್ತದೆ. ಮಲ್ಲಸಮುದ್ರದಂಥ ಊರಲ್ಲಿ ಹಳೆಯ ಮನೆ ಉಳಿಸಿಕೊಂಡವರಿಗೆ ಆಗ ತಲೆಬಾಗಿಲಿನದೇ ಚಿಂತೆ. ಅಜ್ಜನ ಕಾಲದ ಬಾಗಿಲು ಬಿಸಿಲು-ಮಳೆಗೆ ಬೂದು ಬಣ್ಣಕ್ಕೆ ತಿರುಗಿದೆ. ಚೌಕಟ್ಟಿನ ಬುಡದಲ್ಲಿ ಕಪ್ಪು ಚುಕ್ಕೆಯ ಬೂಸ್ಟು ಹಿಡಿದಿದೆ. ಒಬ್ಬರು ಆಯಿಲ್ ಪೇಂಟ್ ಬಳಿಯಿರಿ ಅಂತಾರೆ. ಇನ್ನೊಬ್ಬರು ಮಷಿನ್ ಹಚ್ಚಿ ಉಜ್ಜಿಸಿ ಪಾಲಿಶ್ ಮಾಡಿಸಿ ಅಂತಾರೆ. ಮತ್ತೊಬ್ಬರು ಹಳೇ ಕಟ್ಟಿಗೆ ವ್ಯಾಪಾರಿಗೆ ಕೊಟ್ಟುಬಿಡಿ ಅಂತಾರೆ.

ಈ ಮೂರೂ ಮಾತು ಕೇಳುವ ಮೊದಲು ಒಂದು ವಿಷಯ ತಿಳಿದಿರಲಿ. ಬೂಸ್ಟು ಬೇರೆ, ಬೂದು ಬೇರೆ. ಬೂಸ್ಟು ನೀರಿನ ರೋಗ. ಬೂದು ಮರದ ವಯಸ್ಸು. ರೋಗಕ್ಕೆ ಮದ್ದು ಮಾಡಬೇಕು, ವಯಸ್ಸನ್ನು ಕೆರೆದು ತೆಗೆಯಬೇಕಿಲ್ಲ.

ಹಿರಿಯರು ಕಟ್ಟಿದ ಲೆಕ್ಕ

ಮರಕ್ಕೆ ನೀರೇ ವೈರಿ ಎಂಬುದು ನಮ್ಮ ಭಾಗದ ಕಟ್ಟಡದವರಿಗೆ ಬಹಳ ಹಿಂದಿನಿಂದ ಗೊತ್ತು. ಐಹೊಳೆಯ ಲಾಡಖಾನ್ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಅದರ ಚಾವಣಿಯಲ್ಲಿ ಚಪ್ಪಡಿಗಳ ಸಂದು ಮುಚ್ಚಲು ಮರದ ತೊಲೆಯಂತೆ ಕಾಣುವ ಉದ್ದನೆ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ಮರದಲ್ಲಿ ಕಟ್ಟುತ್ತಿದ್ದ ಪದ್ಧತಿಯನ್ನೇ ಕಲ್ಲಿಗೆ ತಂದರು ಎಂದು ಇತಿಹಾಸಕಾರರು ಹೇಳುತ್ತಾರೆ. ಇತ್ತ ಲಕ್ಕುಂಡಿಗೆ ಹೋದರೆ, ಮಂಟಪದ ಕಂಬಗಳ ಮೇಲಿಂದ ಹೊರಗೆ ಇಳಿಜಾರಾಗಿ ಚಾಚಿದ ಕಲ್ಲು ಕಾಣುತ್ತದೆ. ಅದರ ಕೆಲಸ ಒಂದೇ, ಮಳೆನೀರನ್ನು ದೂರ ಚೆಲ್ಲುವುದು.

ನಮ್ಮ ಮಾಳಿಗೆ ಮನೆಗಳಲ್ಲೂ ಅದೇ ಲೆಕ್ಕ. ಗೋಡೆ ದಪ್ಪ, ಬಾಗಿಲು ಒಳಗೆ ಸರಿದು ಕೂತಿದೆ. ನೆಲದಿಂದ ಎತ್ತರಕ್ಕೆ ಕಟ್ಟೆ, ಚೌಕಟ್ಟಿನ ಕೆಳಗೆ ಕಲ್ಲು. ಹಳಿಯಾಳ, ದಾಂಡೇಲಿ ಕಡೆಯ ಸಾಗವಾನಿ ಆಗಲಿ, ಹೊಲದ ಬೇವು-ಜಾಲಿ ಆಗಲಿ, ನೀರು ನಿಲ್ಲದ ಕಡೆ ತಲೆಮಾರುಗಟ್ಟಲೆ ಬಾಳಿತು.

ದೂರದ ನಾರ್ವೆ ದೇಶವೂ ಇದೇ ಪಾಠ ಕಲಿತಿದೆ. ಅಲ್ಲಿ ಮೊದಮೊದಲು ಕಂಬಗಳನ್ನು ಮಣ್ಣಲ್ಲಿ ಹೂತು ಕಟ್ಟಿದ ಮರದ ಚರ್ಚುಗಳು ಕೊಳೆತುಹೋದವು. ಆಮೇಲೆ ಕಲ್ಲಿನ ಮೇಲೆ ತೊಲೆ ಇಟ್ಟು ಕಟ್ಟಿದವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. 12ನೇ ಶತಮಾನದ ಉರ್ನೆಸ್ ಚರ್ಚು 1979ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ ನಮಗಿಂತ ಹೆಚ್ಚು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಚೀಚೆ ಅಷ್ಟೇ.

ಹಾಗಾದರೆ ನಮ್ಮ ಬಾಗಿಲಿಗೆ ಈಗೇಕೆ ಬೂಸ್ಟು? ಕಾರಣ ಬಹುಪಾಲು ಹೊಸದು. ಸಿಮೆಂಟ್ ಗಿಲಾವು ಚೌಕಟ್ಟಿಗೆ ಅಂಟಿ ಕೂತು ತೇವ ಹಿಡಿದಿಡುತ್ತದೆ. ಸಿಸಿ ರಸ್ತೆ ಮೇಲೆ ಮೇಲೆ ಏರಿ ಹೊಸ್ತಿಲ ಮಟ್ಟಕ್ಕೆ ಬಂದಿದೆ. ಮಳೆ ಬಿದ್ದರೆ ನೀರು ಸಿಡಿದು ಬಾಗಿಲ ಬುಡಕ್ಕೇ ಬಡಿಯುತ್ತದೆ.

ಬೂದು ಬಣ್ಣ ಎಲ್ಲಿಂದ ಬಂತು?

ಮರದ ನಾರುಗಳನ್ನು ಹಿಡಿದಿಡುವ ಅಂಟಿನಂಥ ವಸ್ತುವಿಗೆ ಲಿಗ್ನಿನ್ ಎನ್ನುತ್ತಾರೆ. ಬಿಸಿಲು ಅದನ್ನು ಒಡೆಯುತ್ತದೆ, ಮಳೆ ತೊಳೆಯುತ್ತದೆ. ಉಳಿಯುವುದು ಬೂದು ಬಣ್ಣದ ನಾರು. ಈ ಪದರ ಒಂದು ಮಿಲಿಮೀಟರಿಗಿಂತ ತೆಳು. ಒಳಗಿನ ಮರ ಗಟ್ಟಿಯಾಗಿಯೇ ಇರುತ್ತದೆ. ದಟ್ಟ ಮರ ಬಯಲಲ್ಲೇ ಇದ್ದರೂ ನೂರು ವರ್ಷಕ್ಕೆ ಸವೆಯುವುದು ಸುಮಾರು 3 ಮಿ.ಮೀ. ಅದಕ್ಕಿಂತ ಹೆಚ್ಚನ್ನು ಮಷಿನ್ ಒಂದು ಮಧ್ಯಾಹ್ನದಲ್ಲಿ ತಿಂದುಬಿಡಬಲ್ಲದು. ಜೊತೆಗೆ ಗಜಲಕ್ಷ್ಮಿಯ ಕಣ್ಣು-ಮೂಗು, ಬಳ್ಳಿಯ ಕೆತ್ತನೆ, ಬಡಿಗರ ಉಳಿಯ ಗುರುತು ಎಲ್ಲವೂ ಹೋಗುತ್ತವೆ.

ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಸಂರಕ್ಷಣೆಯ ಕೈಪಿಡಿ ಹೊರತಂದರು. ಹಳೆಯದನ್ನು ಹೊಸದಾಗಿ ಮಾಡುವುದಲ್ಲ, ಇದ್ದದ್ದನ್ನು ಉಳಿಸುವುದೇ ಕೆಲಸ ಎಂಬುದು ಅದರ ತಿರುಳು. ಅದು ದೊಡ್ಡ ಸ್ಮಾರಕಗಳಿಗೆ ಹೇಳಿದ ಮಾತು. ನಮ್ಮ ಓಣಿಯ ಬಾಗಿಲಿಗೂ ಸಲ್ಲುತ್ತದೆ.

ಮನೆಯಲ್ಲೇ ಮಾಡುವ ಕ್ರಮ

ಮೊದಲು ಕಪ್ಪು ಯಾವುದು ಎಂದು ನೋಡಿ. ಮೊಳೆ, ಚಿಲಕದ ಸುತ್ತಲಿನ ನೀಲಿಗಪ್ಪು ಕಬ್ಬಿಣದ ಕಲೆ. ಅದು ಬೂಸ್ಟಲ್ಲ, ಬಿಡಿ. ಚುಕ್ಕೆ ಚುಕ್ಕೆಯಾಗಿ ಹರಡಿ, ಒರೆಸಿದರೆ ಕೈಗೆ ಹತ್ತುವುದು ಬೂಸ್ಟು.

ಒಣ ಬಿಸಿಲಿನ ದಿನ, ಮುಂಜಾನೆ ಶುರುಮಾಡಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಮೆತ್ತನೆ ಬ್ರಷ್ಷಿನಿಂದ ಮರದ ನಾರಿನ ಗುಂಟ ಒಣದಾಗಿಯೇ ಝಾಡಿಸಿ. ತಂತಿ ಬ್ರಷ್ ಬೇಡ. ಅದರ ಚೂರು ಮರದಲ್ಲಿ ಸಿಕ್ಕು, ತುಕ್ಕು ಹಿಡಿದು ಮತ್ತೆ ಕಪ್ಪಾಗುತ್ತದೆ.

ಆಮೇಲೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ, ಅಂದರೆ ಬೋರ್ಯಾಕ್ಸ್, ತನ್ನಿ. ಒಂದು ಲೀಟರ್ ಬೆಚ್ಚನೆ ನೀರಿಗೆ ಮೂರು-ನಾಲ್ಕು ಚಮಚ ಕರಗಿಸಿ. ಮರೆಯಾದ ಒಂದು ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ಬಣ್ಣ ನೋಡಿ. ಸರಿ ಅನಿಸಿದರೆ ಬಟ್ಟೆ ಅದ್ದಿ ಹಿಂಡಿ ಬೂಸ್ಟು ಇದ್ದಲ್ಲಿ ಮೆಲ್ಲಗೆ ಒರೆಸಿ. ಪೈಪ್ ಹಿಡಿದು ತೊಳೆಯಬೇಡಿ, ಗಾಳಿಗೆ ಒಣಗಲು ಬಿಡಿ. ಮಕ್ಕಳು, ದನಕರು ಆ ನೀರು ಮುಟ್ಟದಂತೆ ನೋಡಿಕೊಳ್ಳಿ.

ಬ್ಲೀಚಿಂಗ್ ಪೌಡರ್ ಹಾಕಿದರೆ ಬೂಸ್ಟಿನ ಜೊತೆ ಬೂದು ಬಣ್ಣವೂ ಹೋಗಿ ಮರ ಬಿಳಿಚಿಕೊಳ್ಳುತ್ತದೆ. ಹಸಿ ಅಗಸೆಎಣ್ಣೆ ಸವರಿದರೆ ಬೂದು ಕಪ್ಪಾಗುತ್ತದೆ, ಆ ಎಣ್ಣೆಯೇ ಬೂಸ್ಟಿಗೆ ಊಟ. ಒದ್ದೆ ಮರಕ್ಕೆ ಪೇಂಟ್ ಬಳಿದರೆ ತೇವ ಒಳಗೇ ಉಳಿದು ಕೊಳೆಯಲು ಶುರುವಾಗುತ್ತದೆ.

ಇಷ್ಟು ಮಾಡಿಯೂ ನೀರು ಬರುವುದು ನಿಲ್ಲದಿದ್ದರೆ ಬರುವ ಶ್ರಾವಣಕ್ಕೆ ಬೂಸ್ಟು ಮತ್ತೆ ಹಾಜರು. ಬಾಗಿಲ ಮೇಲೆ ಒಂದು ತಗಡಿನ ಚಾಚು ಹಾಕಿಸಿ. ಚೌಕಟ್ಟಿಗೆ ತಾಗಿದ ಸಿಮೆಂಟನ್ನು ತಿಳಿದ ಗೌಂಡಿಯಿಂದ ಬಿಡಿಸಿ, ಅಲ್ಲಿ ಸುಣ್ಣದ ಗಾರೆ ತುಂಬಿಸಿ. ಓಣಿಗೆ ಹೊಸ ರಸ್ತೆ ಬರುತ್ತದೆ ಎಂದು ಗೊತ್ತಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಹಳೆ ರಸ್ತೆ ಅಗೆದು ಹಾಕುತ್ತೀರಾ, ಅದರ ಮೇಲೇ ಹಾಕುತ್ತೀರಾ? ಗಟಾರ ಮೊದಲೋ, ರಸ್ತೆ ಮೊದಲೋ? ಕಾಂಕ್ರೀಟ್ ಬಿದ್ದ ಮೇಲೆ ಕೇಳಿ ಉಪಯೋಗವಿಲ್ಲ.