ವೇಪಿಂಗ್ ಮತ್ತು ಸಿಗರೇಟ್: ಯಾವುದರಿಂದ ಎಷ್ಟು ಅಪಾಯ?

“ಅಪ್ಪ ನಲವತ್ತು ವರ್ಷದಿಂದ ಸಿಗರೇಟ್ ಸೇದುತ್ತಾರೆ, ಈಗ ಉಬ್ಬಸ ಬೇರೆ. ಅದರ ಬದಲು ವೇಪ್ ಕೊಡಿಸಿದರೆ ಪರವಾಗಿಲ್ಲವೇ?” ಔಷಧಿ ಅಂಗಡಿಯಲ್ಲಿ ಇಂಥ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳುವವರಿದ್ದಾರೆ. ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ಪೆನ್ ಡ್ರೈವ್‌ನಂಥ ಸಾಧನ ಕಂಡು ಗಾಬರಿಯಾದ ತಾಯಿಯೂ ಕೇಳುತ್ತಾರೆ: “ಇದು ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತಾನೆ, ನಿಜವೇ?” ಈ ಇಬ್ಬರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಅಪಾಯ ಎಷ್ಟು ಎನ್ನುವುದು ವೇಪ್‌ನಲ್ಲಿ ಏನಿದೆ ಎಂಬುದರ ಜೊತೆಗೆ, ಅದನ್ನು ಸೇದುವವರು ಯಾರು ಎಂಬುದನ್ನೂ ಅವಲಂಬಿಸಿದೆ.

ಸಿಗರೇಟಿನ ಹೊಗೆಯಲ್ಲಿ ಏನಿದೆ?

ಸಿಗರೇಟಿನ ಮುಖ್ಯ ಹಾನಿ ಬರುವುದು ತಂಬಾಕು ಸುಡುವುದರಿಂದ. ಅದರ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರಬಲ್ಲವು. ಟಾರ್ ಶ್ವಾಸಕೋಶದಲ್ಲಿ ಕೂರುತ್ತದೆ. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಬೀಡಿಯಲ್ಲೂ ನಡೆಯುವುದು ಇದೇ. ಎಲೆಯಲ್ಲಿ ಸುತ್ತಿದ ಮಾತ್ರಕ್ಕೆ ಬೀಡಿ ಸೌಮ್ಯವಾಗುವುದಿಲ್ಲ.

ನಿಕೋಟಿನ್‌ನ ಪಾತ್ರ ಬೇರೆ. ಅದು ಚಟ ಹಿಡಿಸುತ್ತದೆ, ಹೃದಯ ಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತದೆ. ಆದರೆ ಧೂಮಪಾನದಿಂದ ಬರುವ ಕ್ಯಾನ್ಸರ್‌ಗೆ ಮುಖ್ಯ ಕಾರಣ ನಿಕೋಟಿನ್ ಅಲ್ಲ, ಹೊಗೆ.

ವೇಪ್‌ನಲ್ಲಿ ಏನಿದೆ?

ವೇಪ್ ಅಥವಾ ಇ-ಸಿಗರೇಟ್‌ನಲ್ಲಿ ತಂಬಾಕು ಸುಡುವುದಿಲ್ಲ. ಬ್ಯಾಟರಿಯಿಂದ ಬಿಸಿಯಾಗುವ ಸುರುಳಿಯೊಂದು ದ್ರವವನ್ನು ಆವಿಯಂಥ ಸೂಕ್ಷ್ಮ ಹನಿಗಳಾಗಿ ಮಾಡುತ್ತದೆ. ದ್ರವದಲ್ಲಿ ಸಾಮಾನ್ಯವಾಗಿ ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ರುಚಿ-ವಾಸನೆಯ ರಾಸಾಯನಿಕಗಳು ಮತ್ತು ನಿಕೋಟಿನ್ ಇರುತ್ತವೆ. ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್‌ನ ಸಮಸ್ಯೆ ಇಲ್ಲಿಲ್ಲ. ಹಾಗೆಂದು ಅದು ಬರೀ ನೀರಾವಿಯೂ ಅಲ್ಲ. ಸುರುಳಿ ಅತಿಯಾಗಿ ಬಿಸಿಯಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ಕೆರಳಿಸುವ ವಸ್ತುಗಳು ಹುಟ್ಟುತ್ತವೆ. ನಿಕ್ಕಲ್, ಸೀಸದಂಥ ಲೋಹದ ಕಣಗಳೂ ಸೇರಬಹುದು.

ಪ್ಯಾಕೆಟ್ ಮೇಲಿನ “5%” ಎಂಬ ಅಂಕಿಯನ್ನು ಹಗುರವಾಗಿ ನೋಡಬೇಡಿ. ಅದರರ್ಥ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 50 ಮಿಲಿಗ್ರಾಂ ನಿಕೋಟಿನ್. ಒಂದು ಸಿಗರೇಟಿನಿಂದ ದೇಹ ಹೀರಿಕೊಳ್ಳುವುದು ಸುಮಾರು 1ರಿಂದ 2 ಮಿಲಿಗ್ರಾಂ ಮಾತ್ರ. ಸಿಗರೇಟ್ ಒಮ್ಮೆ ಮುಗಿಯುತ್ತದೆ. ವೇಪ್‌ಗೆ ಅಂಥ ಕೊನೆಯಿಲ್ಲ, ದಿನವಿಡೀ ಆಗಾಗ ಎಳೆಯುತ್ತಲೇ ಇರಬಹುದು.

ಹೋಲಿಸಿದರೆ ಯಾವುದು ಕೆಟ್ಟದ್ದು?

ಸಿಗರೇಟೇ ಹೆಚ್ಚು ಹಾನಿಕರ, ಇದರಲ್ಲಿ ಅನುಮಾನವಿಲ್ಲ. ವೇಪಿಂಗ್‌ನ ಹಾನಿ ಸುಮಾರು 95 ಶೇಕಡಾ ಕಡಿಮೆ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಈ ಅಂಕಿ ಎಲ್ಲೆಡೆ ಹರಿದಾಡುತ್ತದೆ. ಆದರೆ ಅದು ಅಳೆದು ಪಡೆದ ಫಲಿತಾಂಶವಲ್ಲ, ತಜ್ಞರ ಅಂದಾಜು. ವೇಪ್‌ಗಳು ಬಂದು ಸುಮಾರು ಎರಡು ದಶಕವಷ್ಟೇ ಆಗಿದೆ. ಕ್ಯಾನ್ಸರ್, ಸಿಒಪಿಡಿಯಂಥ ಕಾಯಿಲೆಗಳು ಕಾಣಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು.

ತಕ್ಷಣದ ಅಪಾಯಕ್ಕೂ ಉದಾಹರಣೆಯಿದೆ. 2019ರಲ್ಲಿ ಅಮೆರಿಕದಲ್ಲಿ ವೇಪಿಂಗ್‌ಗೆ ಸಂಬಂಧಿಸಿದ ತೀವ್ರ ಶ್ವಾಸಕೋಶದ ಹಾನಿ ಕಾಣಿಸಿಕೊಂಡಿತು. 2020ರ ಫೆಬ್ರವರಿ ವೇಳೆಗೆ 2,807 ಪ್ರಕರಣಗಳು ವರದಿಯಾಗಿ, 68 ಸಾವುಗಳು ದೃಢಪಟ್ಟಿದ್ದವು. ಹೆಚ್ಚಿನವರು ಗಾಂಜಾದ ಅಂಶವಿದ್ದ ದ್ರವ ಸೇದಿದ್ದರು. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಜೊತೆ ಬಲವಾದ ನಂಟು ಕಂಡುಬಂತು. ಮೂಲ ಗೊತ್ತಿಲ್ಲದ ದ್ರವದಲ್ಲಿ ಏನು ಬೆರೆತಿದೆ ಎಂಬುದು ಸೇದುವವರಿಗೆ ತಿಳಿಯುವುದಿಲ್ಲ.

ಆದ್ದರಿಂದ ಉತ್ತರ ಹೀಗೆ:

• ಎಂದೂ ಧೂಮಪಾನ ಮಾಡದವರಿಗೆ, ಮುಖ್ಯವಾಗಿ ಹದಿಹರೆಯದವರಿಗೆ, ವೇಪ್‌ನಿಂದ ನಷ್ಟವೇ ಹೊರತು ಲಾಭವಿಲ್ಲ. ಮಿದುಳು ಸುಮಾರು 25 ವರ್ಷದವರೆಗೆ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ನಿಕೋಟಿನ್ ಚಟ ಬೇಗ ಅಂಟುತ್ತದೆ. ಇವರು ಸಿಗರೇಟಿನೊಂದಿಗೆ ಅಲ್ಲ, ಶುದ್ಧ ಗಾಳಿಯೊಂದಿಗೆ ಹೋಲಿಸಬೇಕು.
• ಗರ್ಭಿಣಿಯರಿಗೆ ಎರಡೂ ಬೇಡ. ನಿಕೋಟಿನ್ ಮಗುವಿನ ಬೆಳವಣಿಗೆಗೆ ಹಾನಿಕರ.
• ಸಿಗರೇಟನ್ನು ಪೂರ್ತಿ ಬಿಟ್ಟು ವೇಪ್‌ಗೆ ಬದಲಾದವರ ದೇಹಕ್ಕೆ ವಿಷವಸ್ತುಗಳು ಕಡಿಮೆ ಹೋಗುತ್ತವೆ. ಆದರೆ ಚಟ ಉಳಿಯುತ್ತದೆ.
• ಎರಡನ್ನೂ ಸೇದುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ದಿನಕ್ಕೆ ಒಂದೇ ಸಿಗರೇಟ್ ಸೇದಿದರೂ, 20 ಸೇದುವವರಿಗೆ ಹೆಚ್ಚುವರಿಯಾಗಿ ಬರುವ ಹೃದಯಾಘಾತದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಉಳಿಯುತ್ತದೆ.

ಭಾರತದಲ್ಲಿ ವೇಪ್ ಏಕೆ ದಾರಿಯಲ್ಲ?

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರದ ಕಾಯ್ದೆ ಇಡೀ ದೇಶದಲ್ಲಿ ಅದರ ತಯಾರಿಕೆ, ಆಮದು, ಮಾರಾಟ, ಸಂಗ್ರಹ ಮತ್ತು ಜಾಹೀರಾತನ್ನು ನಿಷೇಧಿಸಿತು. ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮುಂಬೈಯಾಗಲಿ ದೆಹಲಿಯಾಗಲಿ, ಇಲ್ಲಿ ಗುಟ್ಟಾಗಿ ಸಿಗುವ ವೇಪ್ ಯಾವ ಗುಣಮಟ್ಟದ ಪರೀಕ್ಷೆಗೂ ಒಳಪಟ್ಟಿರುವುದಿಲ್ಲ. ಬ್ರಿಟನ್ನಿನಲ್ಲಿ ನಿಕೋಟಿನ್ ಪ್ರಮಾಣಕ್ಕೆ ಒಂದು ಮಿಲಿಲೀಟರ್‌ಗೆ 20 ಮಿಲಿಗ್ರಾಂ ಎಂಬ ಮಿತಿಯಿದೆ. ಅಲ್ಲಿನ ಅಂದಾಜನ್ನು ಇಲ್ಲಿನ ಕಳ್ಳಮಾಲಿಗೆ ಹೊಂದಿಸಲು ಬರುವುದಿಲ್ಲ.

ಸಿಗರೇಟ್ ಬಿಟ್ಟಾಗ ಔಷಧಿಯ ಪ್ರಮಾಣ ಬದಲಾಗಬಹುದು

ಇದು ಅನೇಕ ಮನೆಗಳಿಗೆ ತಿಳಿಯದ ವಿಷಯ. ತಂಬಾಕಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆಗ ಕೆಲವು ಔಷಧಿಗಳು ದೇಹದಿಂದ ಬೇಗ ಹೊರಹೋಗುತ್ತವೆ. ವೈದ್ಯರು ಆ ಲೆಕ್ಕದಲ್ಲೇ ಪ್ರಮಾಣ ನಿಗದಿ ಮಾಡಿರಬಹುದು. ಸಿಗರೇಟ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಿಣ್ವದ ವೇಗ ತಗ್ಗಿ, ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ಉಳಿಯುತ್ತದೆ. ಈ ಪರಿಣಾಮ ಹೊಗೆಯದ್ದು, ನಿಕೋಟಿನ್‌ನದ್ದಲ್ಲ. ಹಾಗಾಗಿ ವೇಪ್‌ಗೆ ಅಥವಾ ಗಮ್‌ಗೆ ಬದಲಾದರೂ ಹೀಗೇ ಆಗುತ್ತದೆ.

• ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಹೆಚ್ಚಾದರೆ ವಾಕರಿಕೆ, ಕೈ ನಡುಕ, ಎದೆ ಡವಗುಟ್ಟುವುದು, ಕೆಲವೊಮ್ಮೆ ಫಿಟ್ಸ್ ಕಾಣಿಸಬಹುದು.
• ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಹೆಚ್ಚಾದರೆ ಅತಿಯಾದ ಮಂಪರು, ತಲೆಸುತ್ತು ಬರಬಹುದು.
• ಕಾಫಿಯಲ್ಲಿರುವ ಕೆಫೀನ್‌ಗೂ ಇದೇ ನಿಯಮ. ಸಿಗರೇಟ್ ಬಿಟ್ಟವರಿಗೆ ದಿನಕ್ಕೆ ನಾಲ್ಕು ಲೋಟ ಕಾಫಿಯಿಂದಲೇ ಚಡಪಡಿಕೆ, ನಿದ್ರೆಗೇಡು ಆಗಬಹುದು.

ಸಿಗರೇಟ್ ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ. ಹೆದರಿ ಬಿಡುವುದನ್ನು ಮುಂದೂಡಬೇಡಿ, ಮಾತ್ರೆಯನ್ನು ನೀವೇ ಹೆಚ್ಚು-ಕಡಿಮೆಯೂ ಮಾಡಬೇಡಿ.

ಬಿಡಲು ಸರಿಯಾದ ದಾರಿ

ಹೊಗೆಯಿಲ್ಲದೆ ನಿಕೋಟಿನ್ ಕೊಟ್ಟು, ಕ್ರಮೇಣ ಅದನ್ನೂ ಬಿಡಿಸುವ ಔಷಧಿಗಳು ಭಾರತದಲ್ಲಿ ಕಾನೂನುಬದ್ಧವಾಗಿ ಸಿಗುತ್ತವೆ. 2 ಮಿಲಿಗ್ರಾಂ ನಿಕೋಟಿನ್ ಗಮ್‌ಗೆ ವೈದ್ಯರ ಚೀಟಿ ಬೇಕಿಲ್ಲ. 4 ಮಿಲಿಗ್ರಾಂ ಗಮ್‌ಗೆ ಬೇಕು. ಇದನ್ನು ಬಬಲ್ ಗಮ್‌ನಂತೆ ಸತತವಾಗಿ ಅಗಿಯಬಾರದು. ಖಾರದ ರುಚಿ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ರುಚಿ ಇಳಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಸುಮಾರು ಅರ್ಧ ಗಂಟೆ. ಗಮ್ ಬಳಸುವ 15 ನಿಮಿಷ ಮೊದಲು ಮತ್ತು ಅದು ಬಾಯಲ್ಲಿರುವಾಗ ಕಾಫಿ, ಹಣ್ಣಿನ ರಸ ಬೇಡ. ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳೂ ಇವೆ, ಆದರೆ ವೈದ್ಯರ ಸಲಹೆಯ ಮೇಲೆ ಮಾತ್ರ. ಇತ್ತೀಚೆಗೆ ಹೃದಯಾಘಾತವಾದವರು ಮತ್ತು ಗರ್ಭಿಣಿಯರು ಗಮ್‌ಗೂ ಮೊದಲು ವೈದ್ಯರನ್ನು ಕೇಳಬೇಕು.

ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು. ನೀವು ಬೇರೆ ರಾಜ್ಯದಲ್ಲಿದ್ದರೂ ಕನ್ನಡದಲ್ಲಿ ಸಲಹೆ ಬೇಕೆಂದು ಕೇಳಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದುದು ಯಾವಾಗ?

• ವೇಪ್ ಸೇದುವವರಿಗೆ ಉಸಿರಾಟದ ತೊಂದರೆ, ಎದೆನೋವು ಬಂದರೆ, ಅಥವಾ ಕೆಮ್ಮಿನ ಜೊತೆ ಜ್ವರ, ವಾಂತಿ ಇದ್ದರೆ. ವೇಪ್ ಸೇದಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.
• ಮಗು ವೇಪ್‌ನ ದ್ರವ ನುಂಗಿದರೆ. ಸ್ವಲ್ಪವೇ ಆದರೂ ಪ್ರಾಣಾಪಾಯವಾಗಬಹುದು. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ.

ಅಪ್ಪನಿಗೆ ಏನು ಹೇಳಬೇಕು? ವೇಪ್ ಹುಡುಕುವ ಹೊತ್ತಿನಲ್ಲಿ ಅವರ ಎಲ್ಲ ಔಷಧಿ ಚೀಟಿಗಳನ್ನು ಒಟ್ಟುಮಾಡಿ, ಅವರನ್ನು ಕರೆದುಕೊಂಡು ವೈದ್ಯರ ಬಳಿ ಹೋಗಿ. ನಲವತ್ತು ವರ್ಷ ಸೇದಿದವರಿಗೂ ಬಿಟ್ಟ ಮೊದಲ ದಿನದಿಂದಲೇ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿಯತೊಡಗುತ್ತದೆ. ಮಗನಿಗೆ ಬೈದು ಬಾಯಿ ಮುಚ್ಚಿಸುವ ಮೊದಲು, ಎಷ್ಟು ದಿನದಿಂದ ಸೇದುತ್ತಿದ್ದಾನೆ, ಬಿಟ್ಟರೆ ಚಡಪಡಿಕೆ ಆಗುತ್ತದೆಯೇ ಎಂದು ಕೇಳಿ. ಹೌದು ಎಂದರೆ ಅವನಿಗೂ ಬೇಕಾಗಿರುವುದು ಚಿಕಿತ್ಸೆ.